ಉಪಕರಣದಾಚೆಯ ನೋಟ: ಚಿಗಳ್ಳಿಯ ದೀಪಗಳು ಮತ್ತು ಜಾನಪದ ಛಾಯಾಗ್ರಹಣದಲ್ಲಿ ಶೈಲಿಯ ಪ್ರಶ್ನೆ

ಕನ್ನಡದ ಜಾನಪದ ಅಧ್ಯಯನ ಗ್ರಂಥಗಳಲ್ಲಿ ಛಾಯಾಚಿತ್ರಕ್ಕೆ ದೊರೆತಿರುವ ಸ್ಥಾನ ಅನುಬಂಧದ ಸ್ಥಾನ. ವಕ್ತೃಗಳ ಯಾದಿ, ಪಾರಿಭಾಷಿಕ ಪದಕೋಶ, ಗ್ರಂಥಋಣ ಇವುಗಳ ನಡುವೆಲ್ಲೋ ಎಂಟು ಪುಟಗಳ ನುಣುಪು ಕಾಗದ ಸೇರಿಕೊಂಡಿರುತ್ತದೆ. ಅಡಿಬರಹಗಳೂ ನಮಗೆ ಕಂಠಪಾಠ: ‘ಕುಣಿತದ ಒಂದು ದೃಶ್ಯ’, ‘ವಕ್ತೃವಿನೊಂದಿಗೆ ಸಂಶೋಧಕರು’, ‘ದೇವಾಲಯದ ಮುಂಭಾಗ’. ಚಿತ್ರ ತೆಗೆದವರ ಹೆಸರು ಬಹುಪಾಲು ಇರುವುದಿಲ್ಲ. ಒಂದು ತ್ರಿಪದಿಯನ್ನು ಹಾಡಿದವರ ಹೆಸರು, ಊರು, ವಯಸ್ಸು ದಾಖಲಾಗದಿದ್ದರೆ ಸಂಪಾದಕರನ್ನು ತರಾಟೆಗೆ ತೆಗೆದುಕೊಳ್ಳುವ ನಾವು ಚಿತ್ರದ ವಿಷಯದಲ್ಲಿ ಇಷ್ಟೊಂದು ಉದಾರಿಗಳಾಗಿರುವುದೇಕೆ? ಛಾಯಾಚಿತ್ರವನ್ನು ಯಂತ್ರ ತೆಗೆಯುತ್ತದೆ, ಮನುಷ್ಯ ಗುಂಡಿ ಒತ್ತುತ್ತಾನೆ ಅಷ್ಟೆ ಎಂಬ ಗ್ರಹಿಕೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ. ಕ್ಷೇತ್ರಕಾರ್ಯ ಕಮ್ಮಟಗಳಲ್ಲಿ ಛಾಯಾಗ್ರಹಣದ ಅವಧಿ ಬಂದೊಡನೆ ಶಿಬಿರಾರ್ಥಿಗಳಿಂದ ಏಳುವ ಮೊದಲ ಪ್ರಶ್ನೆ, ‘ಯಾವ ಕ್ಯಾಮೆರಾ ಕೊಳ್ಳಬೇಕು?’ ಎಂಬುದು. ಏನನ್ನು, ಎಲ್ಲಿ ನಿಂತು, ಎಷ್ಟು ಹೊತ್ತು ನೋಡಬೇಕು ಎಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ.

ಛಾಯಾಗ್ರಾಹಕನಿಗೆ ತನ್ನದೇ ಆದ ಶೈಲಿ ಉಪಕರಣದಾಚೆ ಹೇಗೆ ಒದಗುತ್ತದೆ, ಅಂಥ ಶೈಲಿಯನ್ನು ಹೊಂದುವ ಹಕ್ಕು ಜಾನಪದ ದಾಖಲಾತಿಗಾರನಿಗೆ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ. ಇವುಗಳನ್ನು ನಾನು ಎದುರಿಸಿದ್ದು ಗ್ರಂಥಾಲಯದಲ್ಲಲ್ಲ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಿ. ಆದ್ದರಿಂದ ಚರ್ಚೆ ಅಲ್ಲಿಂದಲೇ ಆರಂಭವಾಗುವುದು ಉಚಿತ.

ಮಲೆನಾಡು ತೆಳುವಾಗಿ ಬಯಲುಸೀಮೆಗೆ ಜಾರುವ ಸೆರಗಿನಲ್ಲಿ ಮುಂಡಗೋಡ ಇದೆ. ಒಂದೆಡೆ ಯಲ್ಲಾಪುರದ ಕಾಡು, ಇನ್ನೊಂದೆಡೆ ಹಾನಗಲ್ಲು-ಕಲಘಟಗಿಗಳ ಕಡೆಯ ಬಯಲು. ಸಿದ್ದಿಯರು, ಗೌಳಿಗರು, ಲಂಬಾಣಿಗರು ಮತ್ತು 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರು ಒಂದೇ ಸಂತೆಯಲ್ಲಿ ಎದುರಾಗುವ ತಾಲ್ಲೂಕು ಇದು. ಚಿಗಳ್ಳಿಯ ದೀಪನಾಥೇಶ್ವರ ದೇವಾಲಯದ ಮೂರು ದೀಪಗಳು ಎಣ್ಣೆಯಿಲ್ಲದೆ ಉರಿಯುತ್ತವೆ ಎಂಬ ನಂಬಿಕೆ ಸುತ್ತಿನ ಜಿಲ್ಲೆಗಳಲ್ಲೆಲ್ಲ ಹಬ್ಬಿತ್ತು. 1979ರ ಸುಮಾರಿನಿಂದ ಅವು ಉರಿಯುತ್ತಿವೆ ಎಂದು ಭಕ್ತರು ಹೇಳುತ್ತಿದ್ದರು. 2025ರ ಫೆಬ್ರವರಿಯಲ್ಲಿ ದೀಪಗಳು ನಂದಿದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಪವಾಡದ ಸತ್ಯಾಸತ್ಯತೆ ಈ ಲೇಖನದ ವಿಷಯವಲ್ಲ. ಜಾನಪದ ವಿದ್ವಾಂಸನಿಗೆ ನಂಬಿಕೆಯ ಕಥನ ಮುಖ್ಯ. ಅದು ಹೇಗೆ ಹುಟ್ಟಿತು, ಯಾರು ಯಾರಿಗೆ ಹೇಳಿದರು, ಹೇಳುವಾಗ ಏನನ್ನು ಸೇರಿಸಿದರು ಎಂಬುದು ಮುಖ್ಯ. ಆದರೆ ಛಾಯಾಚಿತ್ರದ ಮಟ್ಟಿಗೆ ಹೇಳುವುದಾದರೆ ಚಿಗಳ್ಳಿ ನಮ್ಮ ವಿಧಾನಕ್ಕೆ ಒಡ್ಡಿದ ಪರೀಕ್ಷೆ ಬಹು ಕಠಿಣವಾದುದು. ಇಲ್ಲಿ ದಾಖಲಿಸಬೇಕಾದ ವಸ್ತುವೇ ಬೆಳಕು. ಬೆಳಕನ್ನು ಬೆಳಕಿನ ನೆರವಿನಿಂದ ದಾಖಲಿಸಲು ಹೊರಟವನ ಗತಿಯೇನು?

ನನ್ನ ಗತಿಯನ್ನು ಹೇಳಿಬಿಡುತ್ತೇನೆ. ಸಂಶೋಧನೆಯ ದಿನಗಳಲ್ಲಿ, 2006ರ ಸುಮಾರಿಗೆ, ಎರವಲು ಪಡೆದ ಒಳ್ಳೆಯ ಕ್ಯಾಮೆರಾ ಹಾಗೂ ಅದಕ್ಕಿಂತ ಒಳ್ಳೆಯ ಫ್ಲ್ಯಾಶ್ ಹೊತ್ತು ಅಲ್ಲಿಗೆ ಹೋಗಿದ್ದೆ. ಒಂದು ರೋಲು ಪೂರ್ತಿ ತೆಗೆದೆ. ಮುದ್ರಿಸಿ ನೋಡಿದರೆ ಗೋಡೆ, ಹೂವು, ಹಿತ್ತಾಳೆ, ಕುಂಕುಮ ಎಲ್ಲವೂ ಸ್ಪಷ್ಟ; ದೀಪ ಮಾತ್ರ ಬಿಳಿಯ ಚುಕ್ಕೆ. ಮರುಭೇಟಿಯಲ್ಲಿ ಆ ಚಿತ್ರಗಳನ್ನು ಊರಿನ ಹಿರಿಯ ಹೆಣ್ಣುಮಗಳೊಬ್ಬರಿಗೆ ತೋರಿಸಿದಾಗ ಅವರು ಒಂದೊಂದನ್ನೇ ಹಿಂದಿರುಗಿಸುತ್ತ, ‘ಇದರಾಗ ದೀಪ ಎಲ್ಲೈತ್ರಿ? ಬರೇ ಗ್ವಾಡಿ ಕಾಣತೈತಿ’ ಎಂದರು. ನಮ್ಮ ದಾಖಲಾತಿ ಚಿತ್ರಗಳ ಬಗೆಗೆ ನಾನು ಕೇಳಿರುವ ಅತ್ಯಂತ ಖಚಿತವಾದ ವಿಮರ್ಶೆ ಇದು. ಉಪಕರಣ ಕೆಟ್ಟಿರಲಿಲ್ಲ, ತಾಂತ್ರಿಕವಾಗಿ ಚಿತ್ರವೂ ಕೆಟ್ಟಿರಲಿಲ್ಲ. ಎಲ್ಲ ವಿವರವೂ ಸಮಾನವಾಗಿ ಕಾಣಬೇಕೆಂಬ ನನ್ನ ಹಂಬಲವೇ ನೋಡಬೇಕಾದುದನ್ನು ಅಳಿಸಿಹಾಕಿತ್ತು.

ಈ ಹಂಬಲ ಎಲ್ಲಿಂದ ಬಂತು ಎಂಬುದನ್ನು ಶೋಧಿಸಿದರೆ ನಮ್ಮ ಶಿಸ್ತಿನ ಹುಟ್ಟಿನವರೆಗೂ ಹೋಗಬೇಕಾಗುತ್ತದೆ. 1868ರಿಂದ 1875ರ ಅವಧಿಯಲ್ಲಿ ಎಂಟು ಸಂಪುಟಗಳಲ್ಲಿ ಹೊರಬಂದ, ವಾಟ್ಸನ್ ಮತ್ತು ಕೇ ಸಂಪಾದಿಸಿದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಈ ದೇಶದ ಜನ ಮೊದಲ ಬಾರಿಗೆ ಛಾಯಾಚಿತ್ರಗಳ ಮೂಲಕ ಜಾತಿ, ಬುಡಕಟ್ಟುಗಳಾಗಿ ವಿಂಗಡಣೆಗೊಂಡರು. ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶ ಅದೇ ಹಾದಿಯದು. ತಲೆ, ಮೂಗುಗಳ ಅಳತೆ ಹಿಡಿಯುವ ಕೈಗೆ ಕ್ಯಾಮೆರಾ ಇನ್ನೊಂದು ಅಳತೆಗೋಲಾಗಿ ಒದಗಿತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು-ಜಾತಿಗಳ ಸಂಪುಟಗಳೂ (1928–35) ವಿನ್ಯಾಸದಲ್ಲಿ ಇದರಿಂದ ದೂರ ಸರಿಯಲಿಲ್ಲ. ಈ ಗ್ರಂಥಗಳ ಬೆಲೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅವುಗಳ ಚಿತ್ರಗಳಲ್ಲಿ ಮನುಷ್ಯ ಮಾದರಿಯಾಗುತ್ತಾನೆ: ನೇರ ಎದುರು, ಮಧ್ಯಮ ದೂರ, ಸಮನಾದ ಬೆಳಕು, ಹೆಸರಿನ ಬದಲು ಕುಲದ ಹೆಸರು. ನಾವು ಇಂದಿಗೂ ‘ವಸ್ತುನಿಷ್ಠ’ ಎಂದು ಕರೆಯುತ್ತಿರುವ ದಾಖಲಾತಿ ಚಿತ್ರ ಇದೇ ಭಂಗಿಯ ಮೊಮ್ಮಗು. ಶೈಲಿಯೇ ಇಲ್ಲವೆಂದು ಹೇಳಿಕೊಳ್ಳುವ ಈ ಚಿತ್ರಕ್ಕೂ ಒಂದು ಶೈಲಿಯಿದೆ; ಅದು ಎರವಲು ಶೈಲಿ, ಅದರ ಒಡೆಯರು ಯಾರೆಂಬುದನ್ನು ನಾವು ಮರೆತಿದ್ದೇವೆ ಅಷ್ಟೆ.

ಹಾಗಾದರೆ ದಾಖಲಾತಿಯ ನಿಷ್ಠೆಯನ್ನು ಬಿಡದೆ ತನ್ನ ನೋಟವನ್ನು ರೂಪಿಸಿಕೊಂಡವರು ಇದ್ದಾರೆಯೇ? ಬರೋಡಾದ ಕಲಾವಿದ ಜ್ಯೋತಿ ಭಟ್ ಅವರ ಉದಾಹರಣೆ ಇಲ್ಲಿ ಅತ್ಯಂತ ಪ್ರಸ್ತುತವಾದುದು. ಮುದ್ರಣಕಲೆಯಲ್ಲಿ ಪಳಗಿದ ಅವರು 1967ರಲ್ಲಿ ಒಂದು ವಿಚಾರಸಂಕಿರಣಕ್ಕಾಗಿ ಗುಜರಾತಿನ ಜನಪದ ಕಲೆಗಳ ಚಿತ್ರ ತೆಗೆಯಲು ಹೊರಟರು. ಆ ಕೆಲಸ ದಶಕಗಳ ಕಾಲ ಬೆಳೆಯಿತು. ಗೋಡೆಯ ಚಿತ್ರವನ್ನು ಮಾತ್ರ ನೇರವಾಗಿ ಪ್ರತಿ ಮಾಡಿಕೊಂಡು ಬರುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡದೆ ಅದೇ ಗೋಡೆಗೆ ಒರಗಿ ನಿಂತ ಹೆಣ್ಣನ್ನು, ಬಾಗಿಲಲ್ಲಿ ಇಣುಕುವ ಮಗುವನ್ನು, ರಂಗೋಲಿಯ ಮೇಲೆ ಬಾಗಿದ ಬೆನ್ನನ್ನು ಚೌಕಟ್ಟಿನೊಳಗೆ ತಂದರು. ಮಾಡಿದ ವಸ್ತು, ಮಾಡಿದ ಕೈ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ಮುದ್ರಣಕಲಾವಿದನ ಕಣ್ಣಿಗೆ ಸಹಜವಾದ ಚಪ್ಪಟೆತನ ಇಲ್ಲಿ ದೋಷವಾಗದೆ ಗುಣವಾಗಿದೆ. ಗೋಡೆ ಮತ್ತು ಮನುಷ್ಯರ ನಡುವಿನ ಅಂತರ ಇಲ್ಲವಾಗುತ್ತದೆ. ಸಂಶೋಧಕನಿಗೆ ಬೇಕಾದ ಮಾಹಿತಿಯೂ ಈ ಚಿತ್ರಗಳಲ್ಲಿ ಹೆಚ್ಚೇ ಇದೆ: ಚಿತ್ತಾರದ ಎತ್ತರ ಎಷ್ಟು, ಅದು ಮನೆಯ ಯಾವ ಜಾಗದಲ್ಲಿದೆ, ಬರೆದವರು ಯಾರು. ಅವರ ಸಂಗ್ರಹದ ಬಹುಭಾಗ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯಕ್ಕೆ ಸೇರಿದೆ. 2023ರಲ್ಲಿ ಆ ಸಂಸ್ಥೆ ತೆರೆದಾಗ ಅವರ ಚಿತ್ರಗಳ ಪ್ರದರ್ಶನವೂ ಏರ್ಪಟ್ಟಿತ್ತು. ನಮ್ಮ ಜಾನಪದ ವಿಭಾಗಗಳ ವಿದ್ಯಾರ್ಥಿಗಳು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರುವುದು ಪಠ್ಯಕ್ರಮದ ಭಾಗವಾದರೆ ಒಳಿತು.

ಕನ್ನಡ ನಾಡಿನೊಳಗೆ ಈ ಚರ್ಚೆಯನ್ನು ಟಿ. ಎಸ್. ಸತ್ಯನ್ ಅವರನ್ನು ಬಿಟ್ಟು ನಡೆಸಲಾಗದು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಸತ್ಯನ್ (ನಿಧನ 2009) ‘ಡೆಕ್ಕನ್ ಹೆರಾಲ್ಡ್’ನಿಂದ ಆರಂಭಿಸಿ ‘ಲೈಫ್’ ಪತ್ರಿಕೆಯವರೆಗೆ ದುಡಿದವರು. ಸಿಡುಬು ನಿರ್ಮೂಲನದ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ದಾಖಲಿಸಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾವ ಕ್ಯಾಮೆರಾ, ಯಾವ ಮಸೂರ ಎಂದು ಊಹಿಸುವ ಆಟಕ್ಕೆ ಅವು ಅವಕಾಶ ಕೊಡುವುದಿಲ್ಲ. ಅತಿ ಅಗಲದ ನೋಟವಿಲ್ಲ, ಹಿನ್ನೆಲೆಯನ್ನು ಕರಗಿಸುವ ಚಮತ್ಕಾರವಿಲ್ಲ, ನಾಟಕೀಯ ಮೋಡಗಳಿಲ್ಲ. ಇರುವುದು ಒಂದು ಎತ್ತರ: ಮಗು ಕುಳಿತಿದ್ದರೆ ಕ್ಯಾಮೆರಾವೂ ಕುಳಿತಿದೆ. ಇನ್ನೊಂದು, ಅಂತರ: ಎರಡು ಮಾತಾಡಬಹುದಾದಷ್ಟು ಸಮೀಪ, ಉಸಿರುಗಟ್ಟದಷ್ಟು ದೂರ. ಮೂರನೆಯದು, ಕಾಯುವಿಕೆ: ಚಿತ್ರ ತೆಗೆಸಿಕೊಳ್ಳುವ ಸಂಭ್ರಮ ಇಳಿದು ಜನ ತಮ್ಮ ಕೆಲಸಕ್ಕೆ ಮರಳಿದ ನಂತರದ ಗಳಿಗೆ. ಇವು ಮೂರೂ ಅಂಗಡಿಯಲ್ಲಿ ದೊರೆಯುವುದಿಲ್ಲ. ಸತ್ಯನ್ ಚಿತ್ರವನ್ನು ಸಹಿಯಿಲ್ಲದೆ ಗುರುತಿಸಬಹುದಾದರೆ ಅದಕ್ಕೆ ಈ ಎತ್ತರ, ಅಂತರ, ಕಾಯುವಿಕೆಗಳೇ ಕಾರಣ. 

ಆದಾಗ್ಯೂ ಅವರ ಶೈಲಿಗೊಂದು ಮಿತಿಯನ್ನೂ ಹೇಳಬೇಕು. ಮನುಷ್ಯರ ಒಳ್ಳೆಯತನದ ಮೇಲೆ ಅವರಿಗಿದ್ದ ವಿಶ್ವಾಸ ಕೆಲವೊಮ್ಮೆ ಬಡತನವನ್ನು ಹಿತವಾಗಿಸುತ್ತದೆ. ಅವರ ಹಳ್ಳಿಗಳಲ್ಲಿ ಮಕ್ಕಳು ನಗುತ್ತಾರೆ. ಯಾವ ಕೇರಿಯ ಮಕ್ಕಳು ಯಾವ ಬಾವಿಯ ಬಳಿ ನಗಲಾರರು ಎಂಬುದು ಚೌಕಟ್ಟಿನ ಹೊರಗೇ ಉಳಿಯುತ್ತದೆ. ಗಟ್ಟಿಯಾದ ಶೈಲಿ ತಾನು ಒಲಿಯದ ಸಂಗತಿಗಳನ್ನು ಹೊರಗಿಡುತ್ತದೆ ಎಂಬುದನ್ನು ಶೈಲಿಯ ಪರ ವಾದಿಸುವವರು ಒಪ್ಪಿಕೊಳ್ಳಲೇಬೇಕು.

ಉಪಕರಣ ನಗಣ್ಯವೆಂದು ಸಾಧಿಸುವ ಉತ್ಸಾಹವೂ ನನಗಿಲ್ಲ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಬಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ದೂರದ ಮಸೂರವಿಲ್ಲದೆ ಗತಿಯಿರಲಿಲ್ಲ. ಟಿ. ಎನ್. ಎ. ಪೆರುಮಾಳ್ (1932–2017) ಇರುಳಿನ ಜೀವಿಗಳನ್ನು ಫ್ಲ್ಯಾಶ್ ಬೆಳಕಿನಲ್ಲೇ ತೆಗೆದರು. ನಾನು ಚಿಗಳ್ಳಿಯಲ್ಲಿ ಸೋತ ಅದೇ ಉಪಕರಣ ಅವರ ಕೈಯಲ್ಲಿ ಕಲೆಯಾಯಿತು. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪು-ಬಿಳುಪಿನಲ್ಲಿ ಸಹಜ ಬೆಳಕನ್ನು ನೆಚ್ಚಿ ಕಾಡನ್ನು ಕಂಡರು. ಇವರೆಲ್ಲರ ವಸ್ತು ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಚಿತ್ರಗಳು ಒಂದನ್ನೊಂದು ಹೋಲುವುದಿಲ್ಲ.

ಪರಂಪರೆಯೊಳಗೆ ವೈಯಕ್ತಿಕ ಶೈಲಿ ಸಾಧ್ಯವೇ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದೇನಲ್ಲ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಗಾಯಕರಿಂದ ಮೌಖಿಕ ಕಾವ್ಯಗಳನ್ನು ಸಂಗ್ರಹಿಸಿದರು. ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥ ತೋರಿಸಿಕೊಟ್ಟಂತೆ, ಗಾಯಕ ಸಿದ್ಧಸೂತ್ರಗಳನ್ನು ಎಲ್ಲರಂತೆ ಕಲಿಯುತ್ತಾನೆ, ಆದರೆ ಪ್ರತಿ ಹಾಡಿಕೆಯಲ್ಲೂ ಅವುಗಳನ್ನು ತನ್ನದೇ ರೀತಿಯಲ್ಲಿ ಹೊಸೆಯುತ್ತಾನೆ. ಸಾಮಗ್ರಿ ಸಮುದಾಯದ್ದು, ಹೊಸೆಯುವಿಕೆ ಅವನದು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಂಡಗೋಡ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದರೆ ಸಾಕು. ಹಳೆಯ ಸೀರೆ, ಅಂಗಿ, ಲುಂಗಿಗಳ ಚಿಂದಿಯೇ ಅದರ ಬಂಡವಾಳ. ಮೂಲೆಯೊಂದರಿಂದ ತೊಡಗಿ, ಅಂಚಿನ ಗುಂಟ ಸುತ್ತುತ್ತ, ಚಿಂದಿಗಳನ್ನು ಪೋಣಿಸುತ್ತ ಹೊಲಿಗೆ ಒಳಮುಖವಾಗಿ ಸಾಗಿ ನಡುವೆ ಮುಗಿಯುತ್ತದೆ. ಮೂಲೆಗಳಿಗೆ ‘ಫುಲಾ’ ಎಂದು ಕರೆಯುವ ಮಡಿಕೆಯ ಹೂವು ಕೂಡುತ್ತದೆ. ಮುಂಚೆಯೇ ಬರೆದುಕೊಂಡ ನಕ್ಷೆ ಇರುವುದಿಲ್ಲ. ಕೈಗೆ ಬಂದ ಬಟ್ಟೆಯನ್ನು ಆಯ್ಕೆ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಅಷ್ಟಕ್ಕಷ್ಟೆ. ಆದರೂ ಹತ್ತು ಕೌದಿಗಳನ್ನು ಬೇಲಿಯ ಮೇಲೆ ಹರವಿದರೆ ಒಬ್ಬರದು ಇನ್ನೊಬ್ಬರದರಂತಿರುವುದಿಲ್ಲ. ಕೆಂಪಿನ ಪಕ್ಕ ಯಾವುದನ್ನು ಇಡಬೇಕು, ಎಷ್ಟು ಒತ್ತಾಗಿ ದಾರ ಎಳೆಯಬೇಕು ಎಂಬ ಸಣ್ಣ ನಿರ್ಧಾರಗಳು ಸಾವಿರ ಸಲ ಮರುಕಳಿಸಿ ಒಬ್ಬಾಕೆಯ ಕೈ ಎದ್ದುಕಾಣುತ್ತದೆ. ಛಾಯಾಗ್ರಾಹಕನ ಶೈಲಿಯೂ ಇಂಥ ಮರುಕಳಿಕೆಯ ಫಲ ಎಂಬುದು ನನ್ನ ಅಭಿಪ್ರಾಯ. ಶೈಲಿ ಬೇಕೆಂದು ಹೊರಟವನಿಗೆ ಅದು ದಕ್ಕುವುದಿಲ್ಲ, ಹುಸಿ ಶೈಲಿ ದಕ್ಕುತ್ತದೆ.

ಹುಸಿ ಶೈಲಿಯ ಅಪಾಯಕ್ಕೆ ಗುರಿಯಾದವರು ಇದೇ ಸಿದ್ದಿಯರು. ಡಮಾಮಿ ಕುಣಿತದಲ್ಲಿ ಎಲೆಯ ಉಡುಗೆ ತೊಡಿಸಿ, ಗಾಢ ಕಪ್ಪು-ಬಿಳುಪಿನಲ್ಲಿ, ಚರ್ಮದ ಹೊಳಪು ಮತ್ತು ಕೂದಲಿನ ಸುರುಳಿಗೆ ಒತ್ತುಕೊಟ್ಟು ತೆಗೆದ ಭಾವಚಿತ್ರಗಳನ್ನು ಪ್ರವಾಸಿ ಪುಸ್ತಿಕೆಗಳಲ್ಲಿಯೂ ಸ್ಪರ್ಧೆಗಳಲ್ಲಿಯೂ ಕಾಣುತ್ತೇವೆ. ತಾಂತ್ರಿಕವಾಗಿ ಅವು ಮೆಚ್ಚತಕ್ಕವು. ತೆಗೆದವರು ಅದನ್ನೇ ತಮ್ಮ ‘ಛಾಪು’ ಎನ್ನುತ್ತಾರೆ. ಆದರೆ 2003ರಲ್ಲಿ ಪರಿಶಿಷ್ಟ ಪಂಗಡದ ಮನ್ನಣೆ ಪಡೆದ, ಗದ್ದೆಗೆಲಸ ಮಾಡುವ, ಕನ್ನಡ-ಕೊಂಕಣಿ ಎರಡನ್ನೂ ಆಡುವ, ಹಿಂದೂ-ಮುಸ್ಲಿಂ-ಕ್ರೈಸ್ತ ಮೂರೂ ಮತಗಳಲ್ಲಿ ಹಂಚಿಹೋಗಿರುವ ಒಂದು ಸಮುದಾಯ ಆ ಚಿತ್ರಗಳಲ್ಲಿಲ್ಲ. ಥರ್ಸ್ಟನ್ನನ ಮಾದರಿಗೂ ಈ ಮಾದರಿಗೂ ಇರುವ ವ್ಯತ್ಯಾಸ ಬೆಳಕಿನದು ಮಾತ್ರ. ಅಲ್ಲಿ ಸಮನಾದ ಬೆಳಕು, ಇಲ್ಲಿ ಪಕ್ಕದ ಬೆಳಕು. ಛಾಪು ಮೊದಲೇ ಸಿದ್ಧವಾಗಿದ್ದು, ಅದಕ್ಕೆ ಹೊಂದುವ ಮುಖಗಳನ್ನು ಹುಡುಕಿಕೊಂಡು ಹೋಗುವ ಕ್ರಮ ಇದು.

ಇನ್ನು ಅಭ್ಯಾಸದ ಮಾತು. ಹೆನ್ರಿ ಕಾರ್ಟಿಯೆ-ಬ್ರೆಸ್ಸಾನ್ ಬಹುಮಟ್ಟಿಗೆ ಐವತ್ತು ಮಿಲಿಮೀಟರಿನ ಒಂದೇ ಮಸೂರದಲ್ಲಿ ಜೀವಮಾನ ಕಳೆದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ವ್ರತದಂತೆ ಅನುಸರಿಸಬೇಕಿಲ್ಲ, ಕಾರಣವನ್ನು ಅರಿತರೆ ಸಾಕು. ಮಸೂರ ಬದಲಾಗದಿದ್ದಾಗ ಬದಲಾಗಬೇಕಾದವರು ನಾವು. ಹತ್ತಿರ ಹೋಗಬೇಕು, ಇಲ್ಲವೇ ಹಿಂದೆ ಸರಿಯಬೇಕು. ಕ್ಷೇತ್ರದಲ್ಲಿ ಹತ್ತಿರ ಹೋಗುವುದೆಂದರೆ ಅನುಮತಿ ಕೇಳುವುದು, ಚಪ್ಪಲಿ ಬಿಡುವುದು, ಚಹಾ ಕುಡಿಯುವುದು. ಹೀಗೆ ತಾಂತ್ರಿಕ ಮಿತಿಯೊಂದು ಕ್ಷೇತ್ರಕಾರ್ಯದ ಶಿಸ್ತಾಗಿ ಪರಿವರ್ತನೆಗೊಳ್ಳುತ್ತದೆ. ಅದಕ್ಕಿಂತಲೂ ಉಪೇಕ್ಷಿತವಾದ ಹಂತ ಆಯ್ಕೆಯದು. ಫಿಲ್ಮಿನ ಕಾಲದಲ್ಲಿ ಮೂವತ್ತಾರು ಚಿತ್ರಗಳ ಕಾಂಟ್ಯಾಕ್ಟ್ ಹಾಳೆಯನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ಸಿಲು ಹಿಡಿದು, ಎರಡನ್ನು ಉಳಿಸಿ ಉಳಿದುದನ್ನು ಹೊಡೆದುಹಾಕುವಾಗ ಕಲಿಯುತ್ತಿದ್ದುದು ದೊಡ್ಡದು. ತಾನು ಪದೇಪದೇ ಯಾವುದರ ಕಡೆ ತಿರುಗುತ್ತೇನೆ, ಯಾವುದನ್ನು ತಪ್ಪಿಸಿಕೊಳ್ಳುತ್ತೇನೆ ಎಂಬುದು ಆ ಹಾಳೆಯಲ್ಲಿ ಬಯಲಾಗುತ್ತಿತ್ತು. ಇಂದು ಒಂದು ಜಾತ್ರೆಯಿಂದ ಎರಡು ಸಾವಿರ ಚಿತ್ರಗಳೊಂದಿಗೆ ಮರಳುವ ಸಂಶೋಧಕ ಅವನ್ನು ಹಾರ್ಡ್‌ಡಿಸ್ಕಿಗೆ ಸುರಿದು ಮರೆಯುತ್ತಾನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವರ್ಷ ಬೆಳೆಯುತ್ತಿರುವ ದೃಶ್ಯಸಂಗ್ರಹಗಳ ನಿಜವಾದ ಕೊರತೆ ಸ್ಥಳದ್ದಲ್ಲ, ಹೀಗೆ ಕೂತು ನೋಡಿದ ಕಣ್ಣುಗಳದು.

ಚಿಗಳ್ಳಿಗೆ ಮರುಭೇಟಿ ನೀಡಿದಾಗ ಫ್ಲ್ಯಾಶನ್ನು ಚೀಲದಲ್ಲೇ ಬಿಟ್ಟೆ. ನಾನೂರರ ವೇಗದ ಫಿಲ್ಮು, ಅಗ್ಗದ ಐವತ್ತರ ಮಸೂರ, ಎರಡರ ದ್ಯುತಿರಂಧ್ರ, ಸೆಕೆಂಡಿನ ಹದಿನೈದನೆಯ ಒಂದು ಭಾಗ. ಅಷ್ಟು ನಿಧಾನದಲ್ಲಿ ಕೈ ನಡುಗದಿರಲು ಕಂಬಕ್ಕೆ ಒರಗಬೇಕಿತ್ತು. ಒರಗಿ ನಿಂತ ಜಾಗದಿಂದ ದೀಪ ನೇರವಾಗಿ ಕಾಣುತ್ತಿರಲಿಲ್ಲ, ಅದನ್ನು ನೋಡುತ್ತಿದ್ದವರ ಮುಖಗಳು ಕಾಣುತ್ತಿದ್ದವು. ಮೊದಲು ಇದನ್ನು ಅನನುಕೂಲವೆಂದೇ ಭಾವಿಸಿದ್ದೆ. ಬಂದವರು ಮೊದಲು ದೀಪದ ಬುಡವನ್ನು ಪರೀಕ್ಷಿಸುವಂತೆ ಬಗ್ಗುತ್ತಾರೆ, ಅನಂತರ ಕೈ ಮುಗಿಯುತ್ತಾರೆ. ಸಂಶಯ ಮತ್ತು ಭಕ್ತಿ ಕೆಲವೇ ಗಳಿಗೆಗಳ ಅಂತರದಲ್ಲಿ ಒಂದೇ ಮುಖದ ಮೇಲೆ ಹಾದುಹೋಗುತ್ತವೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಬಗ್ಗುವಿಕೆಯ ಬಗೆಗೆ ಒಂದು ಸಾಲೂ ಇರಲಿಲ್ಲ. ನಂಬಿಕೆಯ ಕಥನವೆಂದರೆ ಹೇಳಿಕೆ ಎಂದಷ್ಟೇ ತಿಳಿದಿದ್ದವನಿಗೆ ದೇಹವೂ ಅದನ್ನು ಹೇಳುತ್ತದೆಂದು ತಿಳಿದದ್ದು ಆ ಚಿತ್ರಗಳಿಂದ. ಪ್ರಬಂಧದ ಒಂದು ಅಧ್ಯಾಯವನ್ನು ಈ ಕಾರಣದಿಂದಲೇ ತಿದ್ದಿ ಬರೆಯಬೇಕಾಯಿತು.

2025ರಲ್ಲಿ ದೀಪಗಳು ನಂದಿದ ಸುದ್ದಿ ಬಂದ ವಾರ ಎರಡೂ ಭೇಟಿಗಳ ಕಾಂಟ್ಯಾಕ್ಟ್ ಹಾಳೆಗಳನ್ನು ಮತ್ತೆ ಹೊರತೆಗೆದೆ. ಮೊದಲನೆಯ ಹಾಳೆಯನ್ನು ಎಸೆಯಬೇಕೆಂದು ಹಿಂದೆ ಹಲವು ಬಾರಿ ಅನಿಸಿತ್ತು. ಈಗ ನೋಡಿದರೆ ಪೀಠದ ಅಲಂಕಾರ, ಪಾತ್ರೆಗಳ ಜೋಡಣೆ, ಗೋಡೆಯ ಬಣ್ಣ ಎಲ್ಲವೂ ಅದರಲ್ಲೇ ಇವೆ. ಎರಡನೆಯದರಲ್ಲಿ ಅವೆಲ್ಲ ಕತ್ತಲೆ. ನಾಳೆ ಯಾರಾದರೂ ಆ ಗುಡಿಯ ಒಳಾಂಗಣದ ಬಗೆಗೆ ಬರೆಯುವುದಾದರೆ ಅವರಿಗೆ ನನ್ನ ಸೋತ ರೋಲೇ ಬೇಕಾಗುತ್ತದೆ. ಆ ಹಿರಿಯ ಹೆಣ್ಣುಮಗಳು ಮರಳಿಸದೆ ಇಟ್ಟುಕೊಂಡದ್ದು ಎರಡನೆಯ ರೋಲಿನ ಚಿತ್ರವನ್ನು. ಅದರಲ್ಲಿ ದೀಪವಿಲ್ಲ. ಅವರ ಮೊಮ್ಮಗಳ ಕೆನ್ನೆಯ ಮೇಲೆ ಮೂರು ಕಡೆಯಿಂದ ಬಿದ್ದ ಬೆಳಕಿದೆ, ಹಿಂದೆ ಯಾರದೋ ಮುಗಿದ ಕೈ ಮಸುಕಾಗಿದೆ. ಎರಡೂ ಹಾಳೆಗಳನ್ನು ಒಂದೇ ಲಕೋಟೆಯಲ್ಲಿಟ್ಟು, ತಾರೀಖು, ನಿಂತ ಜಾಗ ಮತ್ತು ತೆಗೆದವರ ಹೆಸರನ್ನು ಮೇಲೆ ಬರೆದಿದ್ದೇನೆ.